ಯೂಟರ ಕುದುರೆ ಬರೀ ಜೂಜಿನದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊಲರಾಡೊದ ಯೂಟ್ ಬುಡಕಟ್ಟಿನ ಬಗ್ಗೆ ಬಂದ ಲೇಖನ ಓದಿದೆ. ಉಳುಮೆಗೆ ಒಲ್ಲದೆ ಕುದುರೆ ಜೂಜಿನಲ್ಲಿ ಮುಳುಗಿದ್ದವರು ತಮ್ಮ ಮೇಲ್ವಿಚಾರಣೆಗೆ ಬಂದಿದ್ದ ಸರ್ಕಾರಿ ಏಜೆಂಟನನ್ನು ಕೊಂದರು ಎಂಬ ಧಾಟಿ ಅದರದ್ದು. ಆ ಏಜೆಂಟ ನೇಥನ್ ಮೀಕರ್ ಯೂಟರನ್ನು ನೋಡಿದ್ದೂ ಹೀಗೆಯೇ.

1878ರಲ್ಲಿ ಯೂಟರ ನಡುವಿನ ಸರ್ಕಾರಿ ಠಾಣೆಯಾದ ವೈಟ್ ರಿವರ್ ಏಜೆನ್ಸಿಗೆ ಬರುವ ಮೊದಲು ಮೀಕರ್ ಕೊಲರಾಡೊದ ಗ್ರೀಲಿಯಲ್ಲಿ ಆದರ್ಶ ಕೃಷಿಕರ ಊರು ಕಟ್ಟಿದ್ದವನು. ಯೂಟರಿಗೋ, ಸ್ಪೇನಿನವರಿಂದ 17ನೇ ಶತಮಾನದಲ್ಲೇ ಸಿಕ್ಕ ಕುದುರೆಯೇ ಬೇಟೆ, ಓಡಾಟ, ಆಸ್ತಿ, ಮರ್ಯಾದೆ ಎಲ್ಲ. ಏಜೆನ್ಸಿಯನ್ನು ಮೀಕರ್ ಪೊವೆಲ್ ಪಾರ್ಕಿಗೆ ಸಾಗಿಸಿದ. ಅದು ಅವರ ಕುದುರೆಗಳು ಮೇಯುವ, ಓಟದ ಪಂದ್ಯ ನಡೆಯುವ ಬಯಲು. 1879ರ ಸೆಪ್ಟೆಂಬರಿನಲ್ಲಿ ಮೀಕರನ ನೇಗಿಲು, ಜೇನ್ ಎಂಬ ಯೂಟ್ ಹೆಂಗಸಿನ ಬಿಡಾರದ ಪಕ್ಕಕ್ಕೇ ಬಂತು. ತಕರಾರು ಎದ್ದಾಗ ಮೀಕರ್, ನಿಮ್ಮಲ್ಲಿ ಕುದುರೆ ಜಾಸ್ತಿ, ಕೆಲವನ್ನು ಕೊಂದುಬಿಡಿ ಎಂದನಂತೆ. ಪಂದ್ಯದ ಕುದುರೆ ಸಾಕುತ್ತಿದ್ದ ಜಾನ್ಸನ್ ಎಂಬ ಯೂಟ್ ಮೀಕರನ ಮನೆಗೇ ಹೋಗಿ ಅವನನ್ನು ಎಳೆದು ನೂಕಿದ. ಮೀಕರ್ ಸೈನ್ಯ ಕರೆಸಿದ.

ಸೆಪ್ಟೆಂಬರ್ 29ರಂದು ಸೈನ್ಯ ಮಿಲ್ಕ್ ಕ್ರೀಕ್ ದಾಟಿದಾಗ ಕಾಳಗವಾಯಿತು. ಅದೇ ದಿನ ಮೀಕರ್ ಮತ್ತು ಅವನ 10 ಮಂದಿ ಕೆಲಸಗಾರರ ಕೊಲೆಯಾಯಿತು. ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಸೆರೆಸಿಕ್ಕ ಹೆಂಗಸರು, ಮಕ್ಕಳ ಬಿಡುಗಡೆಗೆ ವಾದಿಸಿದವಳು ಇದೇ ಜಾನ್ಸನ್ನನ ಹೆಂಡತಿ ಸೂಸನ್, ಊರೇ ಎಂಬ ಯೂಟ್ ಮುಖಂಡನ ತಂಗಿ. ಲೇಖನದಲ್ಲಿ ಅವಳ ಸುದ್ದಿಯೇ ಇಲ್ಲ. ಕೊಲೆಯಲ್ಲಿ ಕೈಯಿಲ್ಲದ ಊರೇಯ ಜನರನ್ನೂ 1881ರಲ್ಲಿ ಯೂಟಾಗೆ ಅಟ್ಟಿದರು ಎಂಬುದೂ ಇಲ್ಲ.

ಸರ್ಕಾರ ಕೊಟ್ಟ ಮರದ ಮನೆಯನ್ನೂ ಬಿಟ್ಟು ಹೋದರು ಎಂದು ಲೇಖಕರು ಬೇಸರಪಟ್ಟಿದ್ದಾರೆ. ಸಾವಾದ ಮನೆಯಲ್ಲಿ ಯೂಟರು ಮತ್ತೆ ವಾಸಿಸುತ್ತಿರಲಿಲ್ಲ; ಸತ್ತವರ ಸಾಮಾನು ಸುಡುತ್ತಿದ್ದರು, ಅವರ ಕುದುರೆಯನ್ನೂ ಕೊಲ್ಲುವುದಿತ್ತು. ಡೇರೆ ಬಿಡುವುದು ಸುಲಭ, ದಿಮ್ಮಿ ಮನೆ ಬಿಟ್ಟರೆ ಏಜೆಂಟರ ಕಣ್ಣಿಗೆ ಅದು ದುಂದು. 1883ರಲ್ಲಿ ಅಮೆರಿಕದ ಆಂತರಿಕ ಇಲಾಖೆಯ ಕಾರ್ಯದರ್ಶಿ ಹೆನ್ರಿ ಟೆಲ್ಲರ್, ಅವನೂ ಕೊಲರಾಡೊದವನೇ, ದುಃಖದಲ್ಲಿ ಆಸ್ತಿ ನಾಶ ಮಾಡುವುದನ್ನೇ ಬುಡಕಟ್ಟು ಜನರ ಅಪರಾಧಗಳ ಪಟ್ಟಿಗೆ ಸೇರಿಸಿದ.

ಒಂದು ತಿದ್ದುಪಡಿ ಮಾತ್ರ ಹಾಕಲೇಬೇಕು. ಯೂಟರ ಸಂಪ್ರದಾಯ ಅಳಿದುಹೋಯಿತು ಎಂಬ ಕೊನೆಯ ಸಾಲು ತಪ್ಪು. ಕೊಲರಾಡೊದ ಇಗ್ನೇಷಿಯೊ ಎಂಬ ಊರಿನಲ್ಲಿ ಪ್ರತಿ ಮೇ ತಿಂಗಳಲ್ಲಿ ಯೂಟರ ಕರಡಿ ಕುಣಿತ ನಡೆಯುತ್ತದೆ. ಹೋದ ವರ್ಷ ನೋಡಿಬಂದೆ. ಕಚ್ಚು ಹಾಕಿದ ಕೋಲನ್ನು ಗರಗರ ಉಜ್ಜುತ್ತಾರೆ, ಹೆಂಗಸರು ಶಾಲಿನ ಅಂಚನ್ನು ಬೀಸಿ ತಾವೇ ಜೊತೆಗಾರನನ್ನು ಆರಿಸುತ್ತಾರೆ.

ಇಂತಿ,
ಡೆನ್ವರ್‌ನಲ್ಲಿರುವ ನಿಮ್ಮ ಓದುಗ