ಕುಂಬಳೆಯ ಮನೆಯ ಹಳೆಯ ಸಾಮಾನುಗಳ ಬಗ್ಗೆ

ಬದಿಯಡ್ಕ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಹೊಸ ಬಾಡಿಗೆದಾರರು ಬರುವ ಮೊದಲು ಹಳೆಯ ಗೀಸರು, ಫ್ರಿಜ್ಜು ಇಡುವುದೋ ಬದಲಾಯಿಸುವುದೋ ಎಂದು ಕೇಳಿದ್ದೆಯಲ್ಲ, ಮೊನ್ನೆ ಬೀಗದ ಕೈ ತೆಗೆದುಕೊಂಡು ಹೋಗಿ ಒಂದು ಮಧ್ಯಾಹ್ನ ಅಲ್ಲಿಯೇ ಕಳೆದೆ.

ಬಚ್ಚಲಿನಲ್ಲಿ ಒಂದು ಮರದ ಹಲಗೆ ಇತ್ತು. ಬಟ್ಟೆ ಒಗೆಯಲು ಇಟ್ಟಿರಬೇಕು ಎಂದುಕೊಂಡೆ. ಪಕ್ಕದ ಮನೆಯವರು ಹೇಳಿದ ಮೇಲೆ ತಿಳಿಯಿತು, ಮನೆ ಬಿಟ್ಟುಹೋದ ಬಾಡಿಗೆದಾರರು ಅದರ ಮೇಲೆ ನಿಂತೇ ಸ್ನಾನ ಮಾಡುತ್ತಿದ್ದರಂತೆ. ಬರಿಗಾಲಲ್ಲಿ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತಂತೆ. ನಮಗೆ ಒಂದು ಮಾತು ಹೇಳಲಿಲ್ಲ. ಬಾಡಿಗೆ ಏರಿಸಿಯಾರು ಎಂಬ ಹೆದರಿಕೆ ಇದ್ದಿರಬೇಕು. ಗೀಸರಿನ ಕಾಯಿಲ್ ತುಕ್ಕು ತಿಂದು ಒಡೆದರೆ ಕರೆಂಟು ನೀರಿಗೇ ಇಳಿಯುತ್ತದೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ನಿಂತವರ ಮೈಯಿಂದಲೇ ದಾರಿ ಮಾಡಿಕೊಳ್ಳುತ್ತದೆ. ಅದರ ರಿಪೇರಿಯ ಮಾತೇ ಬೇಡ. ಮೊದಲು ಅರ್ಥಿಂಗ್ ನೋಡಿಸಿ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸು, ಆಮೇಲೆ ಹೊಸ ಗೀಸರು. (ಆ ಮನೆಯ ಫ್ಯೂಸಿಗೆ ಒಂದು ಕಾಲದಲ್ಲಿ ದಪ್ಪ ತಂತಿ ಸುತ್ತಿದವನು ನಾನೇ. ನಿನ್ನ ಅಮ್ಮನಿಗೆ ಹೇಳಬೇಡ.)

ಫ್ರಿಜ್ಜು ತಂಪೇನೋ ಮಾಡುತ್ತದೆ. ಬಾಗಿಲಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ರಬ್ಬರು ಮಾತ್ರ ಹೋಗಿದ್ದರೆ ಬದಲಾಯಿಸಬಹುದಿತ್ತು, ಕಡಲ ಗಾಳಿಗೆ ತಳದ ತಗಡೂ ಹಪ್ಪಳವಾಗಿದೆ. ನಾನು ಇದ್ದಷ್ಟು ಹೊತ್ತು ಕಂಪ್ರೆಸರು ಒಮ್ಮೆಯೂ ನಿಲ್ಲಲಿಲ್ಲ. ‘ಬಿಲ್ಲು ಹೇಗೂ ಅವರೇ ಕಟ್ಟುತ್ತಾರೆ’ ಎಂದು ನೀನು ಬರೆದದ್ದು ನನಗೆ ಸರಿ ಕಾಣಲಿಲ್ಲ. ಬೆಂಗಳೂರಿನಲ್ಲಿರುವ ನಿನಗೆ ಇಲ್ಲಿಯ ಲೆಕ್ಕ ಗೊತ್ತಿರಲಿಕ್ಕಿಲ್ಲ. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ ಬೀಳುತ್ತದೆ, ಎರಡು ತಿಂಗಳಿನದು ಒಟ್ಟಿಗೆ ಬರುತ್ತದೆ. ನಿನ್ನ ಫ್ರಿಜ್ಜಿನ ದೆಸೆಯಿಂದ ಅವರು ಆ ಗೆರೆ ದಾಟಬಾರದು. ಹಾಗೆಂದು ಹೊಸದು ಕೊಡಲೇಬೇಕೆಂದಿಲ್ಲ. ಬರುವವರಲ್ಲಿ ತಮ್ಮದೇ ಇದ್ದರೆ ಜಾಗ ಬಿಟ್ಟುಕೊಡು. ಕೊಡುವುದಾದರೆ ಕೆಟ್ಟಾಗ ಯಾರ ಖರ್ಚು ಎಂಬುದನ್ನು ಕರಾರಿನಲ್ಲಿ ಬರೆಸು.

ಫ್ಯಾನುಗಳಿಗೆ ಅವಸರವಿಲ್ಲ. ಹಳೆಯದು 75 ವಾಟ್, ಈಗಿನ ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಎರಡು ತಿಂಗಳಿಗೆ ಒಂದೊಂದರಲ್ಲಿ 27 ಯೂನಿಟ್ ಉಳಿತಾಯ. ಕೆಟ್ಟ ಹಾಗೆ ಬದಲಾಯಿಸುತ್ತಾ ಹೋಗು.

ಗ್ರೈಂಡರನ್ನು ಮಾತ್ರ ಮುಟ್ಟಬೇಡ. ಬೆಲ್ಟ್ ಸಡಿಲವಾಗಿದೆ, ಅಷ್ಟೇ. ಅದರ ಕಲ್ಲು ಇನ್ನೂ ನೀರುದೋಸೆಯ ಹಿಟ್ಟನ್ನು ಬೆಣ್ಣೆಯಾಗಿ ಅರೆಯುತ್ತದೆ, ಅತ್ತೆ ಪರೀಕ್ಷೆ ಮಾಡಿಯಾಗಿದೆ.

ಹಲಗೆಯನ್ನು ನಾನು ಮನೆಗೆ ತಂದಿದ್ದೇನೆ. ವಯರಿಂಗಿನವನು ಸೋಮವಾರ ಬರುತ್ತಾನೆ, ಭಾನುವಾರದೊಳಗೆ ದುಡ್ಡು ಕಳುಹಿಸು.

ಇಂತು,
ನಿನ್ನ ಮಾವ