ವಿಜಯಪುರಕ್ಕೆ ಹೊರಟವಳ ಪರವಾಗಿ

ನಮ್ಮ ಸರ್ಕಾರಿ ಪ್ರೌಢಶಾಲೆಯ ಹುಡುಗಿಯೊಬ್ಬಳು ವಿಜಯಪುರದ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾಗಿದ್ದಾಳೆ. ಆಯ್ಕೆ ಪಟ್ಟಿ ಬಂದ ದಿನದಿಂದ ಅಭಿನಂದನೆಗಳೆಲ್ಲ ಅವಳ ದೈಹಿಕ ಶಿಕ್ಷಕಿಯಾದ ನನಗೆ ಬರುತ್ತಿವೆ. ಅವನ್ನು ಒಬ್ಬಳೇ ಇಟ್ಟುಕೊಳ್ಳುವುದು ನ್ಯಾಯವಲ್ಲ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕು, ಅಂದರೆ ಒಂದು ವೆಲೋಡ್ರೋಮ್ ಇಲ್ಲ. ಈ ಮಗು ಕಲಿತದ್ದು ಬೇರೆಯವರು ಕೊಟ್ಟ ಸೈಕಲ್ಲಿನ ಮೇಲೆ, ಬೇರೆಯವರು ದಾರಿ ಬಿಟ್ಟ ರಸ್ತೆಯಲ್ಲಿ, ಬೇರೆಯವರು ತಮ್ಮ ನಿದ್ದೆ ಕಳೆದುಕೊಂಡು ಕೊಟ್ಟ ಸಮಯದಲ್ಲಿ. ಅವರಿಗೆಲ್ಲ ಊರಿನ ಮುಂದೆ ನಿಂತು ವಂದನೆ ಹೇಳಬೇಕಾಗಿದೆ.

ಮೊದಲ ವಂದನೆ ಅವಳ ತಾಯಿಗೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳು. ಮಗಳನ್ನು ನಸುಕಿನಲ್ಲಿ ಅಭ್ಯಾಸಕ್ಕೆ ಕಳುಹಿಸಿ ಎಂದು ಕೇಳಲು ಹೋದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಮೇಡಂ, ಕತ್ತಲಲ್ಲಿ ಹೋಗುತ್ತಾಳೆ, ನೀವು ಜೊತೆಗಿರುತ್ತೀರಲ್ಲ?" ಎಂದಷ್ಟೇ ಕೇಳಿದರು. ಮರುದಿನದಿಂದ ಅಂಬಲಿ ತುಂಬಿದ ಬಾಟಲಿ ತಪ್ಪಲಿಲ್ಲ. ನೆರೆಹೊರೆಯವರ ಮಾತಿಗೆಲ್ಲ ಅವರೇ ಉತ್ತರ ಕೊಟ್ಟರು. ಒಂದು ಮಾತೂ ಮಗಳ ಕಿವಿಗೆ ಬೀಳದಂತೆ ನೋಡಿಕೊಂಡರು.

ಅವಳು ಮೊದಲು ತುಳಿದದ್ದು ಅಕ್ಕನ ಸೈಕಲ್ಲು. ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು ಅದು. ಗೇರಿಲ್ಲ, ಭಾರ ಹೆಚ್ಚು. ಹೈಸ್ಕೂಲು ದೂರವೆಂದು ಹೆಣ್ಣುಮಕ್ಕಳು ಓದು ಬಿಡಬಾರದೆಂಬ ಕಾಳಜಿಯಿಂದ ಬಂದ ಸೈಕಲ್ಲುಗಳಲ್ಲಿ ಎಷ್ಟೋ ಮನೆಗಳ ಮೊದಲ ಸ್ವಂತ ವಾಹನಗಳಿದ್ದವು. ಆ ಯೋಜನೆಯನ್ನು ರೂಪಿಸಿದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ.

ಅದೇ ಸೈಕಲ್ಲಿನಲ್ಲಿ ಅವಳು ತುರಹಳ್ಳಿ ಕಾಡಿನ ಕಡೆಯ ಏರನ್ನು ನಿಂತು ತುಳಿಯುತ್ತಿದ್ದುದನ್ನು ವಾರಾಂತ್ಯದ ಸವಾರರ ತಂಡವೊಂದು ನೋಡಿತು. ಐಟಿ ಕಚೇರಿಗಳಲ್ಲಿ ದುಡಿಯುವ ಆ ಯುವಕ ಯುವತಿಯರು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದರು. ತಮ್ಮಲ್ಲೊಬ್ಬರ ಹಳೆಯ ರೋಡ್ ಬೈಕ್, ಅವಳ ಎತ್ತರಕ್ಕೆ ಹೊಂದುವ ಚಿಕ್ಕ ಫ್ರೇಮಿನದು, ಜೊತೆಗೆ ಹೆಲ್ಮೆಟ್ಟು, ಹಿಂದೆ ಮಿನುಗುವ ಕೆಂಪು ದೀಪ. ಫೋಟೊ ಬೇಡ ಎಂದರು. ಹೆಸರು ಬರೆಯಬೇಡಿ ಎಂದೂ ಹೇಳಿದ್ದಾರೆ, ಬರೆಯುವುದಿಲ್ಲ.

ಕೊಟ್ಟ ಸೈಕಲ್ಲನ್ನು ಓಡುವ ಸ್ಥಿತಿಗೆ ತಂದವರು ನಮ್ಮ ಶಾಲೆಯ ಹಿಂದಿನ ರಸ್ತೆಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಅವರು ಚಕ್ರದ ಬೆಂಡು ತೆಗೆಯುವುದನ್ನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿಬಿಟ್ಟು, ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿದು ಉಸಿರು ಬಿಗಿಹಿಡಿದಿದ್ದರು. ರಿಮ್ಮು ವಾಲಿದ ಕಡೆ ಮಾತ್ರ ಬಿಳಿ ಗೆರೆ ಬೀಳುತ್ತದೆ. ಅಲ್ಲಿ ಎದುರು ಬದಿಯ ಕಡ್ಡಿಯನ್ನು ಕೀಲಿಯಿಂದ ಕಾಲು ಸುತ್ತು ಬಿಗಿ ಮಾಡಿ, ಪಕ್ಕದ್ದನ್ನು ಅಷ್ಟೇ ಸಡಿಲಿಸಿ, ಗೆರೆ ಒರೆಸಿ, ಮತ್ತೆ ತಿರುಗಿಸುವುದು. ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸದ್ದಿನಲ್ಲೇ ಬಿಗಿ ಅಳೆಯುತ್ತಿದ್ದರು. ಗೆರೆ ರಿಮ್ಮಿನ ಸುತ್ತಲೂ ಸಮನಾಗಿ ಬಿದ್ದ ಮೇಲೆಯೇ ಸೈಕಲ್ಲು ಕೊಟ್ಟರು. "ಇಳಿಜಾರಿನಲ್ಲಿ ಮಗು ಇದನ್ನು ನಂಬಿ ಕೂರುತ್ತದಲ್ಲ ಮೇಡಂ" ಎಂದರು. ಅಂಥ ಕೈಗಳಿಲ್ಲದ ಊರಿನಲ್ಲಿ ಎಷ್ಟು ದುಬಾರಿ ಸೈಕಲ್ಲಿದ್ದರೂ ಕ್ರೀಡೆ ಬೆಳೆಯುವುದಿಲ್ಲ.

ಅವಳಿಗೆ ರೇಸ್ ಎಂದರೇನೆಂದು ಕಲಿಸಿದವರು ವಿಜಯಪುರ ಜಿಲ್ಲೆಯ ಮಾಜಿ ಸವಾರರೊಬ್ಬರು. ಈಗ ಇಲ್ಲಿ ನೌಕರಿಯಲ್ಲಿದ್ದಾರೆ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದರು. ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಮಕ್ಕಳು ರಾಷ್ಟ್ರೀಯ ಕೂಟಗಳಿಂದ ಪದಕ ತರುತ್ತಿರುವುದು ಇಂದು ನಿನ್ನೆಯ ಮಾತಲ್ಲ. ರಾಜಧಾನಿಯವರಾದ ನಾವು ಅವರಿಂದ ಕಲಿಯಬೇಕಾದದ್ದು ಬಹಳ. "ತಂಗಿ, ಗಾಳಿಯನ್ನೆಲ್ಲ ಒಬ್ಬಳೇ ತಿನ್ನಬೇಡ" ಎಂಬುದು ಅವರ ಮೊದಲ ಪಾಠ. ಮುಂದಿನವಳ ಹಿಂಚಕ್ರಕ್ಕೂ ನಿನ್ನ ಮುಂಚಕ್ರಕ್ಕೂ ಮೊಳದಷ್ಟು ಅಂತರ. ಕಣ್ಣು ಅವಳ ಚಕ್ರದ ಮೇಲಲ್ಲ, ಭುಜದಾಚೆಯ ರಸ್ತೆಯ ಮೇಲೆ. ಮುಂದಿನವಳು ಮೊಣಕೈ ಅಲುಗಿಸಿದರೆ ನಿನ್ನ ಸರದಿ ಬಂತು, ಆದರೆ ಆವೇಶದಿಂದ ನುಗ್ಗಬೇಡ, ಅದೇ ವೇಗದಲ್ಲಿ ಮುಂದೆ ಬಾ. ಹಿಂದೆ ಇರುವವಳಿಗೆ ಗಾಳಿಯ ತಡೆ ಎಷ್ಟೋ ಕಡಿಮೆ, ಅದಕ್ಕೇ ಸರದಿಯಲ್ಲಿ ಹೊರೆ ಹಂಚಿಕೊಂಡ ಗುಂಪು ಒಂಟಿ ಸವಾರನಿಗಿಂತ ದೂರ ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದ ನನಗೂ ಅವರು ರಸ್ತೆಯಲ್ಲಿ ತೋರಿಸಿದಾಗಲೇ ಅರ್ಥವಾದದ್ದು. ಸಂಬಳವಿಲ್ಲದೆ ಕಲಿಸಿದ ಗುರುಗಳಿಗೆ ಸಾಷ್ಟಾಂಗ.

ನಡುವೆ ಕಷ್ಟದ ದಿನಗಳೂ ಬಂದವು. ರಸ್ತೆ ಬದಿಯಲ್ಲಿ ನಿಂತಿದ್ದ ಕಾರಿನ ಬಾಗಿಲು ಹಠಾತ್ತನೆ ತೆರೆದುಕೊಂಡು ಅವಳು ಬಿದ್ದಳು, ಕೊರಳೆಲುಬು ಮುರಿಯಿತು. ಹೂವಿನ ಬುಟ್ಟಿ ಕೆಳಗಿಟ್ಟು ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಅಮ್ಮ, ಬಾಡಿಗೆ ಮುಟ್ಟದ ಆಟೊ ಚಾಲಕರು, ಎಲುಬು ಕೂಡಿದ ಮೇಲೆ ಭುಜಕ್ಕೆ ಮತ್ತೆ ಬಲ ಬರುವವರೆಗೂ ಹಣ ಕೇಳದೆ ವ್ಯಾಯಾಮ ಮಾಡಿಸಿದ ಫಿಸಿಯೊಥೆರಪಿಸ್ಟ್, ನಿಮ್ಮ ಋಣ ದೊಡ್ಡದು. ಮತ್ತೆ ರಸ್ತೆಗಿಳಿಯಲು ಅವಳು ಹೆದರಿದಾಗ ಭಾನುವಾರಗಳಂದು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋದೆವು. ಆ ದಿನ ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಮೂರು ಚಕ್ರದ ಪುಟಾಣಿಗಳ ನಡುವೆ, ಬಿದಿರುಮೆಳೆಗಳ ಪಕ್ಕದಲ್ಲಿ ನಿಧಾನವಾಗಿ ಸುತ್ತುತ್ತಲೇ ಅವಳ ಕೈಗಳು ಹ್ಯಾಂಡಲ್ ಮೇಲೆ ಸಡಿಲವಾದವು. ಅಲ್ಲಿ ವಾಹನ ನಿಲ್ಲಿಸಲು ಹೋರಾಡಿದವರು ಯಾರೆಲ್ಲ ಇದ್ದಾರೋ ಅವರಿಗೆಲ್ಲ ಈ ಗುರುವಿನ ಕೃತಜ್ಞತೆ.

2013ರಲ್ಲಿ ಕಬ್ಬನ್ ಪಾರ್ಕಿನಿಂದ ಶುರುವಾಗಿ ಬಡಾವಣೆಗಳಿಗೆ ಹಬ್ಬಿದ ಸೈಕಲ್ ಡೇ, ಜಯನಗರದ ಸೈಕಲ್ ಪಥ, 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಬಿಡಿಸಿಕೊಟ್ಟ ಪ್ರಾಯೋಗಿಕ ಪಥ, ಇವುಗಳ ಹಿಂದೆ ನಗರ ಭೂಸಾರಿಗೆ ನಿರ್ದೇಶನಾಲಯದಂಥ ಕಚೇರಿಗಳ ಸಿಬ್ಬಂದಿಯೂ ನಾಗರಿಕರೂ ಸೇರಿ ಪಟ್ಟ ಶ್ರಮವಿದೆ. ಬೆಂಗಳೂರಿನ ಬೈಸಿಕಲ್ ಮೇಯರ್ ಎಂದು ಗುರುತಿಸಿಕೊಂಡ ಸತ್ಯ ಶಂಕರನ್ ಅವರಂಥವರು ಕಚೇರಿಗೆ ಸೈಕಲ್ಲಿನಲ್ಲಿ ಹೋಗಿ ಎಂದು ಬಿಡದೆ ಹೇಳುತ್ತ ಬಂದರು. 2021ರಲ್ಲಿ ಕೇಂದ್ರದ ಸೈಕಲ್ಸ್ ಫಾರ್ ಚೇಂಜ್ ಸ್ಪರ್ಧೆಯಲ್ಲಿ ಪುರಸ್ಕೃತವಾದ ಹನ್ನೊಂದು ನಗರಗಳಲ್ಲಿ ನಮ್ಮದೂ ಒಂದಾಯಿತು. ನಿಜ, ಪಥಗಳ ಮೇಲೆ ಇಂದಿಗೂ ಕಾರುಗಳು ನಿಲ್ಲುತ್ತವೆ, ಕಂಬಗಳು ಮುರಿಯುತ್ತವೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆದರೂ ಆ ಕೆಲಸ ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಕ್ರೀಡೆ ಬೇರೆ, ಸೈಕಲ್ ಪಥ ಬೇರೆ ಎನ್ನುವವರಿಗೂ ಇದೇ ಉತ್ತರ: ಶಾಲೆಗೆ ಸೈಕಲ್ಲಿನಲ್ಲಿ ಹೋಗಲು ಹೆದರುವ ಊರಿನಲ್ಲಿ ರೇಸಿಗೆ ಮಕ್ಕಳು ಎಲ್ಲಿಂದ ಬಂದಾರು?

ನಂದಿ ಬೆಟ್ಟದ ಸ್ವಯಂಸೇವಕರನ್ನು ಮರೆಯಲಾರೆ. 1,478 ಮೀಟರ್ ಎತ್ತರದ ಆ ಬೆಟ್ಟ ಬೆಂಗಳೂರಿನ ಸವಾರರ ಪರೀಕ್ಷೆಯ ಕೋಣೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್ ಸ್ಪರ್ಧೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ನವೀನ್ ಜಾನ್ ಬೆಂಗಳೂರಿನಲ್ಲೇ ಬೆಳೆದ ರೇಸ್ ಬಳಗದಿಂದ ಮೇಲೆ ಬಂದವರು ಎಂದು ಹೇಳಿದಾಗಿನಿಂದ ಅವಳಿಗೆ ಅಲ್ಲಿ ಸ್ಪರ್ಧಿಸಲೇಬೇಕೆಂಬ ಹಟ. ಏರಿನ ಸ್ಪರ್ಧೆಯಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ, ಮುಂದೆ ಆಸರೆಗೆ ಯಾರ ಬೆನ್ನೂ ಇರುವುದಿಲ್ಲ. ಮೇಲಿನ ಕಡಿದಾದ ತಿರುವುಗಳಲ್ಲಿ ಬಾವುಟ ಹಿಡಿದು, ಮಂಜಿನಲ್ಲಿ ಒದ್ದೆಯಾಗಿ ನಿಂತಿದ್ದವರು ಅವಳ ನಂಬರನ್ನು ಕೂಗಿ ಹುರಿದುಂಬಿಸಿದರು. ಸಮಯ ಸಾಧಾರಣವಾಗಿತ್ತು. ಆದರೆ ಕಾಲು ನೆಲಕ್ಕೆ ಊರದೆ ಮೇಲೆ ತಲುಪಿದಳು. ಆಯ್ಕೆ ಪರೀಕ್ಷೆಗೆ ಹೋಗುತ್ತೇನೆಂದು ಅವಳೇ ಬಾಯಿಬಿಟ್ಟು ಕೇಳಿದ್ದು ಅಂದು ಸಂಜೆ. ತಮ್ಮ ಭಾನುವಾರದ ನಿದ್ದೆಯನ್ನು ನಮ್ಮ ಮಕ್ಕಳಿಗೆ ಕೊಟ್ಟ ಆಯೋಜಕರೇ, ತಿರುವಿನಲ್ಲಿ ನಿಂತವರೇ, ನಿಮಗೆ ಶರಣು.

ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಮಕ್ಕಳ ಸಾಲು ಬರುವುದನ್ನು ಕಂಡು ಲಾರಿಗಳನ್ನು ತಡೆದು ಕಳುಹಿಸುತ್ತಿದ್ದ ಸಂಚಾರ ಪೊಲೀಸರಿಗೂ, ಮೊದಲ ಪೀರಿಯಡ್ಡಿಗೆ ತಡವಾದಾಗ ಮುನಿಯದ ನಮ್ಮ ಗಣಿತ ಮೇಷ್ಟ್ರಿಗೂ, ಬಿಸಿ ಬನ್ನು ಎತ್ತಿಡುತ್ತಿದ್ದ ಬೇಕರಿಯ ಅಣ್ಣನಿಗೂ ನಮಸ್ಕಾರ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ತಾಯಿ, ಮಗಳು ಇಬ್ಬರಿಗೂ ಟಿಕೆಟ್ ಆಗಿದೆ. ಅವಳಿಗೆ ಈಗ ಆ ಚಿಕ್ಕ ಫ್ರೇಮು ಸಾಲುವುದಿಲ್ಲ, ಕೊಟ್ಟವರನ್ನು ಕೇಳಿಯೇ ಅದನ್ನು ಎಂಟನೇ ತರಗತಿಯ ಇನ್ನೊಬ್ಬಳಿಗೆ ಒಪ್ಪಿಸಿದ್ದೇವೆ. ಹಿಂದಿನ ಟೈರು ಸವೆದಿತ್ತು. ಚಾಚಾ ನಿನ್ನೆ ಹೊಸದು ಹಾಕಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಶಾಲೆಯ ಹತ್ತಿರದವರಲ್ಲಿ ಯಾರ ಮನೆಯಲ್ಲಾದರೂ ಮಕ್ಕಳ ಅಳತೆಯ ಹೆಲ್ಮೆಟ್ಟು ಮೂಲೆಯಲ್ಲಿ ಬಿದ್ದಿದ್ದರೆ ಚಾಚಾ ಅವರ ಅಂಗಡಿಯಲ್ಲೇ ಕೊಟ್ಟುಹೋಗಿ. ಇನ್ನೂ ಇಬ್ಬರು ಹುಡುಗಿಯರು ಹೆಸರು ಕೊಟ್ಟಿದ್ದಾರೆ.