ಬೆಂಗಳೂರು ಟ್ರಿಪ್: ಪೆಟ್ರೋಲ್ ಪಾಲಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ದುಡ್ಡಿನ ವಿಚಾರಕ್ಕೆ ಗುಂಪಲ್ಲಿ ಸುಮ್ನೆ ಜಗಳ ಬೇಡ, ಇದನ್ನು ಒಮ್ಮೆ ಓದಿ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಸಣ್ಣ ಹ್ಯಾಚ್‌ಬ್ಯಾಕ್ ಹೈವೇಯಲ್ಲಿ ಲೀಟರಿಗೆ 19 ಕಿ.ಮೀ. ಕೊಟ್ಟರೆ 14 ಲೀಟರ್ ಸಾಕು. ಏಳು ಸೀಟಿನ ದೊಡ್ಡ ಪೆಟ್ರೋಲ್ ಗಾಡಿ 12 ಕೊಟ್ಟರೆ 22 ಲೀಟರ್ ಬೇಕು. ಆದರೆ ತಲಾ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಸಣ್ಣ ಕಾರಲ್ಲಿ ನಾಲ್ಕು ಜನ ಅಂದರೆ ತಲಾ ಮೂರೂವರೆ ಲೀಟರ್. ದೊಡ್ಡದರಲ್ಲಿ ಏಳೂ ಸೀಟು ತುಂಬಿದರೆ ಮೂರು ಚಿಲ್ಲರೆ. ದೊಡ್ಡದೇ ಅಗ್ಗ ಆಯ್ತು, ಅಲ್ವಾ? ಮೂವರೇ ಹತ್ತಿದರೆ ಮಾತ್ರ ಜೇಬಿಗೆ ಕತ್ತರಿ.

ಕಂಪನಿ ಹೇಳುವ 24, 25 ಮೈಲೇಜ್ ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಅದನ್ನು ಹಿಡಿದು ವಾದ ಮಾಡಬೇಡಿ. ಹೊರಡುವಾಗ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಬಂದ ಮೇಲೆ ಅದೇ ಬಂಕಲ್ಲಿ ಮತ್ತೆ ಫುಲ್ ಮಾಡಿಸಿ. ಹಿಡಿಸಿದ ಲೀಟರೇ ಲೆಕ್ಕ. ಗಾಳಿ ಕಾಲದಲ್ಲಿ ವಾಪಸ್ ಬರುವಾಗ ಚಿತ್ರದುರ್ಗದ ಗಾಳಿ ವಿದ್ಯುತ್ ಫ್ಯಾನ್‌ಗಳ ಹತ್ತಿರ ಎದುರುಗಾಳಿ ಜಾಸ್ತಿ, ಅಲ್ಲಿ ಸ್ಪೀಡ್ 80 ದಾಟದಿದ್ದರೆ ಒಳ್ಳೇದು.

ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ. ಬೆಣ್ಣೆ ದೋಸೆ ಖರ್ಚು ಇದರಲ್ಲಿ ಸೇರಿಲ್ಲ.